ಬೋರಲಿಂಗನ ಕಣ್ಣಿಗೊಂದು ಬಣ್ಣ

ನಮ್ಮೂರಿನ ರಸ್ತೆಗಳಲ್ಲಿ ಓಡಾಡುವ ಕಾರುಗಳಲ್ಲಿ ಮುಕ್ಕಾಲು ಪಾಲಿನ ಬಣ್ಣ ಒಣಗಿದ್ದು ನನ್ನ ಹೊಟ್ಟೆಕಿಚ್ಚಿನಿಂದ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಕೊಚ್ಚಿಕೊಳ್ಳುವ ಮನಸ್ಸಿದ್ದರೆ ಎಲ್ಲ ಕಾರುಗಳೂ ಎಂದೇ ಹೇಳಿಬಿಡುತ್ತಿದ್ದೆ, ಅಡ್ಡ ಬಂದು ಕೇಳುವವರು ಯಾರು? ಉಳಿದ ಕಾಲು ಪಾಲನ್ನು ಅವರವರ ಅಣ್ಣತಮ್ಮಂದಿರು, ಓರಗಿತ್ತಿಯರು, ಆಫೀಸಿನಲ್ಲಿ ಪಕ್ಕದ ಮೇಜಿನಲ್ಲಿ ಕೂರುವವರು ಹೇಗೋ ನೋಡಿ ನೋಡಿ ಒಣಗಿಸಿಕೊಟ್ಟಿದ್ದಾರೆ. ಅಂಥ ಕಾರುಗಳನ್ನು ಅರ್ಧ ಮೈಲಿ ದೂರದಿಂದಲೇ ಗುರುತಿಸಬಹುದು. ಒಂದು ಮಳೆಗಾಲ ಕಳೆಯುವುದರೊಳಗೆ ಬಾನೆಟ್ಟಿನ ಮೇಲೆ ಹಪ್ಪಳದ ಹಾಗೆ ಗುಳ್ಳೆ ಎದ್ದಿರುತ್ತದೆ.

ಬೇರೆ ಊರಿನವರು ಹೊಸ ಕಾರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ, ಯಾರ ಕಣ್ಣೂ ಬೀಳದಿರಲಪ್ಪ ಎನ್ನುತ್ತಾರಂತೆ. ನಮ್ಮೂರಿನಲ್ಲಿ ಹಾಗೆ ಕಟ್ಟಿದವನನ್ನು ಮನೆಯವರು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಗಾಡಿ ಪೂಜೆ ಮಾಡುವ ಶಾಸ್ತ್ರಿಗಳೇ ಮಂಗಳಾರತಿ ಮುಗಿದ ಮೇಲೆ "ನಾಲ್ಕು ಜನರ ಕಣ್ಣು ಚೆನ್ನಾಗಿ ಬೀಳಲಿ" ಎಂದು ಅಕ್ಷತೆ ಹಾಕುತ್ತಾರೆ. ಶೋರೂಮಿನಿಂದ ಥಳಥಳ ಎನ್ನುತ್ತ ಬಂದ ಕಾರು ಕೂಡ ನಮ್ಮೂರ ಸೇತುವೆ ದಾಟಿದ ಕೂಡಲೇ ಹಸಿಯಾಗಿಬಿಡುತ್ತದೆ. ಆಮೇಲೆ ಯಾರಾದರೂ ಮನಸಾರೆ ಹೊಟ್ಟೆ ಉರಿದುಕೊಳ್ಳುವ ತನಕ ಹಸಿ ಹಸಿಯಾಗಿಯೇ ಇರುತ್ತದೆ.

ಅದಕ್ಕೇ ಖಾಜಾ ಸಾಬರ ಪೇಂಟಿಂಗ್ ಶೆಡ್ಡು ಇರುವುದು ಬಸ್ ನಿಲ್ದಾಣದ ಎದುರಿಗೆ, ಊರಿನ ಕಣ್ಣೆಲ್ಲ ಬೀಳುವ ಜಾಗದಲ್ಲಿ. ಬೇರೆ ಕಡೆ ಇಂಥ ಶೆಡ್ಡುಗಳು ಧೂಳು ಬೀಳಬಾರದೆಂದು ಊರಾಚೆ ಪರದೆ ಕಟ್ಟಿಕೊಂಡು ಇರುತ್ತವಂತೆ. ಪರದೆ ಕಟ್ಟಿದರೆ ಯಾರು ನೋಡಬೇಕು, ಯಾರ ಹೊಟ್ಟೆ ಉರಿಯಬೇಕು? ಖಾಜಾ ಸಾಬರು ಗಿರಾಕಿಯನ್ನು ಯಾವ ಬಣ್ಣ ಎಂದು ಮೊದಲು ಕೇಳುವವರಲ್ಲ. "ಯಾರ ಕಣ್ಣಿಗೆ?" ಎಂದು ಕೇಳುತ್ತಾರೆ. ಅವರ ಲೆಕ್ಕದಲ್ಲಿ ಒಡಹುಟ್ಟಿದವರ ಕಣ್ಣಾದರೆ ಹೊಳಪು ಜಾಸ್ತಿ, ಬಾಳಿಕೆಯೂ ಜಾಸ್ತಿ. ಓರಗಿತ್ತಿಯ ಕಣ್ಣು ಮೆಟಾಲಿಕ್ಕಿಗೆ ಹೇಳಿ ಮಾಡಿಸಿದ್ದು. ಗುರುತಿಲ್ಲದವರ ಹೊಟ್ಟೆಕಿಚ್ಚು ಬಿಳಿ ಬಣ್ಣಕ್ಕೆ ಸಾಕು, ಆದರೆ ಅಂಚಿನಲ್ಲಿ ಬೇಗ ಸಿಪ್ಪೆ ಏಳುತ್ತದೆ. ಎಲ್ಲಕ್ಕಿಂತ ಒಳ್ಳೆಯ ಫಿನಿಶಿಂಗು ಬರುವುದು ಜೀವದ ಗೆಳೆಯನಿಂದ. ಅದು ಸಿಗುವುದೇ ಕಷ್ಟ, ಯಾಕೆಂದರೆ ಗೆಳೆಯರು ನೋಡಿಯೂ ನೋಡದವರಂತೆ ಮುಂದೆ ಹೋಗಿಬಿಡುತ್ತಾರೆ.

ಯಾರ ಕಣ್ಣೂ ಬೀಳದ ನತದೃಷ್ಟರೂ ಊರಿನಲ್ಲಿದ್ದಾರೆ. ದೊಡ್ಡ ಆಫೀಸಿಗೆ ಬಂದಿದ್ದ ಒಬ್ಬ ಸಾಹೇಬರ ಜೀಪು ಅವರಿಗೆ ವರ್ಗವಾಗುವ ತನಕ ಒಣಗಲೇ ಇಲ್ಲ. ಅವರ ಬಾಳನ್ನು ನೋಡಿ ತನಗೂ ಅಂಥದು ಬೇಕು ಎಂದು ಅವರ ಜವಾನನಿಗೆ ಕೂಡ ಅನ್ನಿಸಿರಲಿಲ್ಲ. ಹೊರಡುವ ದಿನ ಆ ಜೀಪಿನ ಮೇಲೆ ಅಂಟಿಕೊಂಡಿದ್ದ ಎಲೆ, ಪುಕ್ಕ, ಅರ್ಜಿಗಳ ತುಂಡು, ಬೀಡಿ ಮೋಟುಗಳನ್ನು ನೋಡಿದವರು ಅದನ್ನು ನಡೆದಾಡುವ ಹುತ್ತ ಎಂದುಕೊಂಡು ಹಾಲೆರೆಯಲು ಬಂದಿದ್ದರು.

ಅಂಥವರಿಗಾಗಿಯೇ ನಾನಿರುವುದು. ಶೆಡ್ಡಿನ ಬಾಗಿಲಲ್ಲಿ ನನಗೊಂದು ಕುರ್ಚಿ, ಕೈಗೊಂದು ಲೋಟ ಕಾಫಿ. ಹೊಟ್ಟೆಕಿಚ್ಚನ್ನು ನಾಟಕ ಮಾಡಿ ತರಲಿಕ್ಕಾಗುವುದಿಲ್ಲ, ಪೇಂಟಿಗೆ ಗೊತ್ತಾಗಿಬಿಡುತ್ತದೆ. ನಿಜವಾಗಿ ಉರಿಯಬೇಕು. ನನಗೆ ಅದಕ್ಕೆ ಬೇಕಾದ್ದು ಒಂದೇ ಒಂದು ಎಳೆ. ಕಾರಿನವನ ಹೆಂಡತಿ ಅವನ ಅಂಗಿಯ ಕಾಲರು ಸರಿ ಮಾಡಿದ್ದೋ, ಬಾಗಿಲು ಮುಚ್ಚುವಾಗ ಬಂದ ಮೆತ್ತನೆಯ ಸದ್ದೋ, ಅವನ ತಲೆಯಲ್ಲಿ ಇನ್ನೂ ಉಳಿದ ಕಪ್ಪು ಕೂದಲೋ. ಅದನ್ನು ಹಿಡಿದುಕೊಂಡು ಕಾಫಿ ತಳ ಕಾಣುವುದರೊಳಗೆ ನಾನು ಎದೆಯಲ್ಲಿ ಒಂದು ಇಟ್ಟಿಗೆ ಗೂಡನ್ನೇ ಹೊತ್ತಿಸಿಕೊಳ್ಳಬಲ್ಲೆ. ಒಮ್ಮೆ ಹೀಗೆ ನೋಡುತ್ತ ಕುಳಿತಿದ್ದಾಗ ಕಾರು ಒಣಗಿದ್ದಲ್ಲದೆ ಅದರಾಚೆ ಹಗ್ಗದ ಮೇಲೆ ಹಾಕಿದ್ದ ಖಾಜಾ ಸಾಬರ ಲುಂಗಿಗಳೂ ಒಣಗಿ ಗರಿಗರಿಯಾದವು.

ಆದರೆ ನನ್ನ ಕಣ್ಣಿನ ಪರಮ ಸಾಧನೆ ಎಂದರೆ ನನ್ನ ಷಡ್ಡಕನ ಹಸಿರು ಕಾರು. ಷಡ್ಡಕ ಎಂದರೆ ನನ್ನ ಹೆಂಡತಿ ಹೊನ್ನಗಂಗಮ್ಮನ ತಂಗಿ ಇಂದ್ರಾಣಿಯ ಗಂಡ, ಬೋರಲಿಂಗ. ಅವನು ನಮ್ಮ ಮಾವನ ಮನೆಯ ಹೊಸಿಲು ತುಳಿದ ದಿನದಿಂದ ನನ್ನ ಎದೆಯೊಳಗಿನ ಒಲೆ ಆರಿದ್ದಿಲ್ಲ. ಹಬ್ಬದಲ್ಲಿ ಅವನ ಎಲೆಗೆ ಬೀಳುವ ಹೋಳಿಗೆ ನನ್ನದಕ್ಕಿಂತ ಅಗಲ. ಅವನು ಕೂತರೆ ಮಾವನವರು ಫ್ಯಾನನ್ನು ಅವನ ಕಡೆ ತಿರುಗಿಸುತ್ತಿದ್ದರು. ಇಂದ್ರಾಣಿ ಒಂದು ದಿನವೂ ಗಂಡನಿಗೆ ಎದುರಾಡಿದವಳಲ್ಲ. ಯಾವಾಗಲೂ ಅವನ ಪಕ್ಕದಲ್ಲಿ ನಗುತ್ತ ನಿಂತಿರುತ್ತಾಳೆ. ಇತ್ತ ನನ್ನ ಹೊನ್ನಗಂಗಮ್ಮ ಬೆಳಿಗ್ಗೆ ಬಚ್ಚಲಿನಲ್ಲಿ ಶುರು ಮಾಡಿದ ಬೈಗುಳವನ್ನು ಮಧ್ಯಾಹ್ನದ ಸಾರಿನ ತನಕ ಎಲ್ಲೂ ಕಡಿಯದೆ ನಡೆಸಿಕೊಂಡು ಬರುತ್ತಾಳೆ, ನಡುವೆ ಉಸಿರು ತೆಗೆದುಕೊಳ್ಳುವುದು ಒಗ್ಗರಣೆ ಸಿಡಿಯುವಾಗ ಮಾತ್ರ.

ಆ ಹಸಿರು ಕಾರು ಬಂದ ದಿನ ಬೋರಲಿಂಗ ಅದನ್ನು ನಮ್ಮ ಮನೆಯ ಮುಂದೆ ನಿಲ್ಲಿಸಿ, "ಅಣ್ಣ, ಮೊದ್ಲು ನೀವೇ ನೋಡ್ಬೇಕು ಅಂತ ನೇರ ಇಲ್ಲಿಗೇ ತಂದೆ" ಎಂದ. ನಾನು ಕಿಟಕಿಯಿಂದ ಒಂದು ಸಲ ಇಣುಕಿದೆ, ಅಷ್ಟೇ. ಕಾರು ಕ್ಷಣದಲ್ಲಿ ಒಣಗಿ ಗಾಜಿನಂತಾಯಿತು. ಇಂದಿಗೂ ಮದುವೆ ಮನೆಗಳಲ್ಲಿ ಹೆಂಗಸರು ಕನ್ನಡಿ ಹುಡುಕುವುದಿಲ್ಲ, ಆ ಕಾರಿನ ಬಾಗಿಲಿಗೆ ಮುಖ ಹಿಡಿದು ಕುಂಕುಮ ತಿದ್ದಿಕೊಳ್ಳುತ್ತಾರೆ. ನಮ್ಮ ಮಾವನ ಮನೆಯಲ್ಲಿ ಯಾವ ಮದುವೆಯಾದರೂ ಮದುಮಗನನ್ನು ಕರೆತರುವುದು ಅದೇ ಕಾರಿನಲ್ಲಿ. ಹೊಳಪು ನನ್ನದು, ಹೆಸರು ಅವನದು.

ಹೀಗಿರುವಾಗ ನಾನೂ ಒಂದು ಕಾರು ಕೊಂಡೆ. ಹಳೆಯದು. ಯಾರದೋ ಕೊಟ್ಟಿಗೆಯಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಕಾರು ಎಂದು ಜನ ಆಡಿಕೊಂಡರು. ಮಹಾರಾಜರು ಬೇಟೆಗೆ ಬಳಸುತ್ತಿದ್ದ ಗಾಡಿ ಎಂದು ನಾನು ಹೇಳಿದೆ. ಕಾರು ಮನೆಗೆ ಬಂದ ವಾರವೇ ನನ್ನ ಭಾಮೈದ ಮುದ್ದಯ್ಯನ ಮಗಳ ಮದುವೆ ನಿಶ್ಚಯವಾಯಿತು. ವೀಳ್ಯ ಹಿಡಿದು ಎಲ್ಲರೂ ಕುಳಿತಿದ್ದಾಗ ಮುದ್ದಯ್ಯ, "ಗಂಡನ್ನ ಕರ್ಕೊಂಡ್ಬರೋದು ಎಂದಿನಂಗೆ ಬೋರಲಿಂಗಣ್ಣನ ಕಾರಲ್ಲೇ, ಅಲ್ವಾ?" ಎಂದ. ನನ್ನ ಬಾಯಿ ನನ್ನನ್ನು ಕೇಳದೆ ಎದ್ದು ನಿಂತಿತು.

"ಈ ಸಲ ನನ್ನ ಕಾರಲ್ಲಿ. ಅಂಥ ಬಣ್ಣ ಹೊಡೆಸ್ತೀನಿ, ನೋಡಿ ಬೋರಲಿಂಗನ ಹೊಟ್ಟೆ ಚುರ್ ಅನ್ಬೇಕು."

ಬೋರಲಿಂಗ ನಕ್ಕು, "ಆಗ್ಲಿ ಅಣ್ಣ, ಅದೂ ಆಗ್ಬೇಕಾದ್ದೇ" ಎಂದ. ಹೊನ್ನಗಂಗಮ್ಮ ನನ್ನ ತೊಡೆ ಚಿವುಟಿದಳು. ಆ ಗುರುತು ಇನ್ನೂ ಇದೆ. ಅಲ್ಲಿಗೆ ನನ್ನ ಮಾನವೆಲ್ಲ ಆ ಕಾರಿನ ಮೇಲೆ ನಿಂತಿತು. ಮದುವೆಯ ಹೊತ್ತಿಗೆ ಪೇಂಟು ಒಣಗಬೇಕು, ಅದೂ ಬೋರಲಿಂಗನ ಕಣ್ಣಿನಿಂದಲೇ ಒಣಗಬೇಕು.

ಮರುದಿನ ಕಾರನ್ನು ತಳ್ಳಿಸಿಕೊಂಡು ಶೆಡ್ಡಿಗೆ ಹೋದೆ. ಖಾಜಾ ಸಾಬರು ಕೈಯಲ್ಲಿದ್ದ ಉಜ್ಜುವ ಕಾಗದ ಮಡಚಿ ಕಿಸೆಗಿಟ್ಟುಕೊಂಡು, ಕಾರಿನ ಸುತ್ತ ನಡೆದು, ತುಕ್ಕು ಹಿಡಿದ ಕಡೆಯೆಲ್ಲ ಬೆರಳಿನಿಂದ ತಟ್ಟಿ ನೋಡಿದರು.

"ಯಾರ ಕಣ್ಣಿಗೆ, ರಂಗಪ್ಪಣ್ಣ?"

"ನಮ್ಮ ಬೋರಲಿಂಗನ ಕಣ್ಣಿಗೆ."

"ಬ್ಯಾಡ. ಬೇರೆ ಯಾರಾದ್ರೂ ಹೇಳಿ."

"ಯಾಕೆ?"

"ಆ ಮನುಷ್ಯಂಗೆ ಹೊಟ್ಟೇಲಿ ಕಿಚ್ಚೇ ಇಲ್ಲ ಅಣ್ಣ. ಅವರ ಕಣ್ಣಲ್ಲಿ ಒಂದು ಸೈಕಲ್ ಮಡ್‌ಗಾರ್ಡೂ ಒಣಗಲ್ಲ. ನಿಮ್ಮ ಪಕ್ಕದ ಮನೆ ಮೇಷ್ಟ್ರಿದ್ದಾರಲ್ಲ, ಸಣ್ಣ ಮನಸ್ಸು, ಗಟ್ಟಿ ಕೋಟು ಬರ್ತದೆ. ಅವರ ಕಣ್ಣಿಗೆ ಮಾಡೋಣ."

ಜೊತೆಗೆ ಬಂದಿದ್ದ ಹೊನ್ನಗಂಗಮ್ಮ ಅದನ್ನೇ ಹಿಡಿದುಕೊಂಡಳು. "ಸಾಬ್ರು ಸರಿಯಾಗಿ ಹೇಳಿದ್ರು. ಯಾವ್ದಾದ್ರೂ ಬೂದಿ ಬಣ್ಣ ಹೊಡ್ಸಿ, ಧೂಳು ಕಾಣಲ್ಲ. ಆ ಮೇಷ್ಟ್ರು ಹೆಂಡ್ತಿ ನಮ್ಮ ಕರಿಬೇವಿನ ಗಿಡ ನೋಡ್ಕೊಂಡೇ ದಿನಾ ಬಡವಾಗ್ತಿದಾಳೆ, ಕಾರು ನಿಲ್ಸಿದ್ರೆ ಸಂಜೆಯೊಳಗೆ ಒಣಗ್ಸಿ ಕೊಡ್ತಾಳೆ. ನಿಮಗೆ ಕಾರು ಬೇಕೋ, ಬೋರಲಿಂಗಯ್ಯನ ಸಂಕಟ ಬೇಕೋ?"

ನನಗೆ ಬೇಕಾದ್ದು ಎರಡನೆಯದು. ಮೊದಲನೆಯದು ಅದಕ್ಕೊಂದು ನೆಪ. ಅದನ್ನು ಹೆಂಡತಿಗೆ ಹೇಳುವಷ್ಟು ದಡ್ಡ ನಾನಲ್ಲ, ಹಾಗಾಗಿ ಸುಮ್ಮನೆ ಬಣ್ಣದ ಪುಸ್ತಕ ತಿರುವಿದೆ.

ಯಾವ ಬಣ್ಣಕ್ಕೆ ಬೋರಲಿಂಗ ಕರಗುತ್ತಾನೆಂದು ತಿಳಿಯಲು ಇಂದ್ರಾಣಿಯನ್ನೇ ಕೇಳಿದೆ. ಅವಳು ತರಕಾರಿ ಹೆಚ್ಚುತ್ತ, "ಅವರಿಗಾ ಭಾವ? ಎಲ್ಲಾ ಬಣ್ಣಾನೂ ಇಷ್ಟಾನೇ" ಎಂದು ನಕ್ಕು ಮತ್ತೆ ಹೆಚ್ಚತೊಡಗಿದಳು. ಅಷ್ಟರಲ್ಲಿ ನನ್ನ ಹೊನ್ನಗಂಗಮ್ಮನಾಗಿದ್ದರೆ ನನಗಿಷ್ಟವಿಲ್ಲದ ಬಣ್ಣಗಳ ಪಟ್ಟಿ, ಅವು ಇಷ್ಟವಿಲ್ಲದಿರಲು ನನ್ನ ತಾಯಿ ಹೇಗೆ ಕಾರಣ ಎಂಬುದನ್ನೂ ಸೇರಿಸಿ ಹೇಳಿ ಮುಗಿಸಿರುತ್ತಿದ್ದಳು. ಕೊನೆಗೆ ನಾನೇ ತೀರ್ಮಾನ ಮಾಡಿದೆ. ನೇರಳೆ. ಬರೀ ನೇರಳೆಯಲ್ಲ, ಚೆನ್ನಾಗಿ ಹಣ್ಣಾದ ನೇರಳೆಯನ್ನು ಬಾಯಿ ತುಂಬ ತಿಂದು ನಾಲಗೆ ಚಾಚಿದರೆ ಕಾಣುವ ಬಣ್ಣ.

ಖಾಜಾ ಸಾಬರು ಕೆಲಸದಲ್ಲಿ ಒಂದು ಕೂದಲಿನಷ್ಟೂ ಕಡಿಮೆ ಮಾಡಲಿಲ್ಲ. ಹಳೆಯ ಬಣ್ಣವನ್ನೆಲ್ಲ ತಗಡು ಕಾಣುವ ತನಕ ಕೆರೆಸಿದರು. ನೆಗ್ಗಿದ ಕಡೆ ಬಡಿಸಿ, ಗುಳಿ ಬಿದ್ದ ಕಡೆ ಲಪ್ಪದ ಮೆತ್ತು ತುಂಬಿಸಿ, ನೀರು ಹಾಕಿ ಹಾಕಿ ಉಜ್ಜಿಸಿದರು. ಅಗ್ಗದ ಕೆಲಸದವರು ಬಾಗಿಲಿನ ಒಳಮೈಯನ್ನೂ ಡಿಕ್ಕಿಯ ಒಳಗನ್ನೂ ಹಾಗೇ ಬಿಡುತ್ತಾರೆ. ಇವರು ಬಾಗಿಲು ಬಿಚ್ಚಿಸಿ ಸಂದಿಗೊಂದಿಗೂ ಹೊಡೆದರು. ಮೈ ಎಷ್ಟು ನುಣುಪಾಯಿತೆಂದರೆ ಒಂದು ನೊಣ ಬಂದು ಕೂತು, ಜಾರಿ ಬಿದ್ದು, ಕಾಲು ಮುರಿದುಕೊಂಡಿತು. ಅದು ಕುಂಟುತ್ತ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೊನೆಯ ಕೋಟು ಬಿದ್ದ ದಿನ ಬಸ್ ನಿಲ್ದಾಣದಲ್ಲಿ ಬಸ್ಸುಗಳೇ ಹೊರಡಲಿಲ್ಲ, ಡ್ರೈವರುಗಳೆಲ್ಲ ಇಳಿದು ಬಂದು ನೋಡುತ್ತಿದ್ದರು.

ಬೋರಲಿಂಗನನ್ನು ಕರೆಸಿದೆ. ಅವನು ಬಂದು ಕಾರಿನ ಮುಂದೆ ನಿಂತ. ಕಣ್ಣರಳಿಸಿದ. ನಾನು ಅವನ ಮುಖವನ್ನೂ ಕಾರಿನ ಬಾನೆಟ್ಟನ್ನೂ ಒಂದೇ ಸಲಕ್ಕೆ ನೋಡುತ್ತ ನಿಂತೆ.

"ಅಣ್ಣ, ಭಾರಿ ಚೆನ್ನಾಗಿದೆ. ನನ್ನ ಮನಸ್ಸು ತುಂಬಿಬಂತು" ಎಂದ. ಅವನ ಕಣ್ಣಂಚಿನಲ್ಲಿ ನೀರೇ ಬಂತು. ನಿಜವಾದ ಸಂತೋಷ, ಒಂದು ಚಿಟಿಕೆಯೂ ಕಲಬೆರಕೆಯಿಲ್ಲದ್ದು. ನನ್ನ ಕಣ್ಣೆದುರಿಗೇ ಬಾಗಿಲಿನ ಮೇಲಿನ ಬಣ್ಣ ಸಡಿಲವಾಗಿ ಒಂದು ದೊಡ್ಡ ಹನಿಯಾಗಿ ಜಾರಿ ಕೆಳಗಿನ ಅಂಚಿಗೆ ಬಂದು ತೂಗಾಡಿತು. ಖಾಜಾ ಸಾಬರು ಓಡಿಬಂದು ಅದನ್ನು ಬಟ್ಟೆಯಲ್ಲಿ ಒತ್ತಿದರು.

"ಮೊದ್ಲು ಅವರನ್ನ ಕಳಿಸಿ" ಎಂದು ನನ್ನ ಕಿವಿಯಲ್ಲಿ ಹೇಳಿದರು. "ಇನ್ನೊಂದು ಒಳ್ಳೆ ಮಾತಾಡಿದ್ರೆ ನಾಲ್ಕು ಕೋಟೂ ನೆಲಕ್ಕಿಳೀತದೆ."

ಮರುದಿನದಿಂದ ನಾನು ಕಾರಿನ ಗುಣಗಾನಕ್ಕೆ ನಿಂತೆ. ಬೋರಲಿಂಗನ ಹೊಟ್ಟೆಗೆ ಇಷ್ಟು ಸಾಲದು, ಇನ್ನಷ್ಟು ಹಾಕಬೇಕು ಎಂಬುದು ನನ್ನ ಲೆಕ್ಕ. ಈ ಕಾರು ಗುಂಡಿಗಳನ್ನು ತಾನಾಗಿಯೇ ಹಾರುತ್ತದೆ ಎಂದೆ. ಹಾರನ್ ಹೊಡೆದರೆ ಎಮ್ಮೆಗಳು ಸಾಲಾಗಿ ನಿಲ್ಲುತ್ತವೆ ಎಂದೆ. ಸೀಟಿನಲ್ಲಿ ಕೂತರೆ ಸೊಂಟ ನೋವು ಹೋಗುತ್ತದೆ, ಮೂರು ಜನ ಮುದುಕರು ಊರುಗೋಲು ಬಿಸಾಡಿದ್ದಾರೆ ಎಂದೆ. ಬೋರಲಿಂಗ ಪ್ರತಿಯೊಂದಕ್ಕೂ "ಹೌದಾ ಅಣ್ಣ" ಎಂದು ಖುಷಿಪಟ್ಟ. ಸುತ್ತಲಿನವರು ಕೈ ಬಾಯಿಗೆ ಅಡ್ಡ ಹಿಡಿದು ನಕ್ಕರು. ಅವರು ನಕ್ಕಷ್ಟೂ ಪೇಂಟು ತೆಳ್ಳಗಾಗುತ್ತ ಹೋಯಿತು.

ಖಾಜಾ ಸಾಬರು ನನ್ನನ್ನು ಕುರ್ಚಿಯ ಮೇಲೆ ಕೂರಿಸಿದರು. "ರಂಗಪ್ಪಣ್ಣ, ಬೇಜಾರಾಗ್ಬ್ಯಾಡಿ. ನಂಬಿದ್ರೆ ತಾನೇ ಹೊಟ್ಟೆ ಉರಿಯೋದು? ನೀವು ಏನು ಹೇಳಿದ್ರೂ ಜನ ಅದರಲ್ಲಿ ಮುಕ್ಕಾಲು ಕಿತ್ತಾಕಿ ಕೇಳ್ತಾರೆ. ಸ್ವಲ್ಪ ದಿನ ಬಾಯಿ ಮುಚ್ಕೊಂಡಿರಿ."

ಮುಚ್ಚಿಕೊಂಡೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ. ಮಾತು ಗಂಟಲಿನಲ್ಲಿ ರಾಶಿ ಬಿದ್ದು ಕೊರಳು ಊದಿಕೊಂಡಿತು. ಮೇಷ್ಟ್ರು ಬಂದು, "ಮೈಲೇಜು ಎಷ್ಟು ಕೊಡುತ್ತೆ?" ಎಂದು ಕೇಳಿದರು. ನಾನು ಹಲ್ಲು ಕಚ್ಚಿ ನಿಜವನ್ನೇ ಹೇಳಿದೆ. "ಹನ್ನೆರಡು." ಮೇಷ್ಟ್ರು ಮನಸ್ಸಿನಲ್ಲೇ ಭಾಗಾಕಾರ ಮಾಡಿದ್ದು ಮುಖದಲ್ಲಿ ಕಾಣಿಸಿತು. "ಹಾಗಾದ್ರೆ ಮೂರು. ಪಾಪ, ಪೆಟ್ರೋಲಿಗೆ ಏನು ಮಾಡ್ತೀರೋ" ಎಂದು ನಿಟ್ಟುಸಿರು ಬಿಟ್ಟು ಹೋದರು. ಆ ಒಂದು 'ಪಾಪ'ಕ್ಕೆ ಡಿಕ್ಕಿಯ ಬಣ್ಣ ಇಡೀ ಸುಕ್ಕುಗಟ್ಟಿತು. ಊರಿನ ಅತಿ ಸಣ್ಣ ಮನಸ್ಸು, ಅದಕ್ಕೂ ನನ್ನ ಮೇಲೆ ಕರುಣೆ ಬಂದುಬಿಟ್ಟಿತ್ತು.

ಆಮೇಲೆ ಅಂಟಿಕೊಳ್ಳುವುದು ಶುರುವಾಯಿತು. ಮೊದಲು ನುಗ್ಗೆ ಹೂವು, ಆಮೇಲೆ ಕೋಳಿ ಪುಕ್ಕ, ಬಸ್ಸಿನ ಟಿಕೆಟ್ಟುಗಳು, ಯಾವುದೋ ಚುನಾವಣೆಯ ಕರಪತ್ರ, ಒಬ್ಬ ಪೇದೆಯ ಟೋಪಿ. ಒಂದು ಮೇಕೆ ಮೈ ಉಜ್ಜಲು ಬಂದು ಹಾಗೇ ಸಿಕ್ಕಿಬಿತ್ತು. ಅದನ್ನು ಬಿಡಿಸುವಾಗ ಅದರ ಅರ್ಧ ಮೈಯ ಕೂದಲು ಕಾರಿಗೆ, ಕಾರಿನ ನೇರಳೆ ಅರ್ಧ ಮೇಕೆಗೆ. ನೇರಳೆ ಬಣ್ಣದ ಆ ಮೇಕೆಯನ್ನು ನೋಡಿ ಅಕ್ಕಪಕ್ಕದ ಮೇಕೆಗಳು ಹೊಟ್ಟೆ ಉರಿದುಕೊಂಡವೋ ಏನೋ, ಅದರ ಮೈಮೇಲಿನ ಪೇಂಟು ಸಂಜೆಗೆಲ್ಲ ಒಣಗಿ ಹೊಳೆಯತೊಡಗಿತು. ಒಂದು ಮೇಕೆಗೆ ಸಿಕ್ಕ ಭಾಗ್ಯ ನನಗೆ ಸಿಗಲಿಲ್ಲ. ಆ ಮೇಕೆಯನ್ನು ಕಂಡರೆ ನಾನು ಇಂದಿಗೂ ರಸ್ತೆ ದಾಟಿ ಆಚೆ ಹೋಗುತ್ತೇನೆ.

ಬೋರಲಿಂಗ ಮಾತ್ರ ದಿನವೂ ಬಂದು ಹೂವು, ಪುಕ್ಕಗಳನ್ನು ಚಿಮಟದಿಂದ ಒಂದೊಂದಾಗಿ ಕೀಳುತ್ತಿದ್ದ. "ಒಣಗುತ್ತೆ ಅಣ್ಣ, ಯೋಚ್ನೆ ಮಾಡ್ಬೇಡಿ" ಎನ್ನುತ್ತಿದ್ದ. ಅವನು ಹಾಗೆಂದ ಪ್ರತಿ ಸಲವೂ ಅವನ ಒಳ್ಳೆಯತನಕ್ಕೆ ನನ್ನ ಹೊಟ್ಟೆ ಉರಿದು, ಅವನ ಹಸಿರು ಕಾರಿಗೆ ಇನ್ನೊಂದು ಪದರ ಹೊಳಪು ಏರುತ್ತಿತ್ತು. ಆ ಕಾರು ನಿಂತ ಕಡೆ ಬೀದಿದೀಪ ಹಾಕುವುದನ್ನೇ ಪುರಸಭೆಯವರು ಬಿಟ್ಟಿದ್ದರು.

ಮದುವೆಯ ಬೆಳಿಗ್ಗೆ ಬಂತು. ಗಂಡಿನ ಕಡೆಯವರಿಗೆ ಬಿಡದಿ ಕೊಟ್ಟಿದ್ದ ಮನೆಯ ಮುಂದೆ ವಾಲಗದವರು, ಕಳಶ ಹಿಡಿದ ಹೆಂಗಸರು, ಎರಡೂ ಕಡೆಯ ನೆಂಟರು ಎಲ್ಲ ಸೇರಿದ್ದರು. ಮದುಮಗ ಬೆಳ್ಳನೆ ಪಂಚೆ, ಶಲ್ಯ, ಪೇಟ ತೊಟ್ಟು ಬಾಗಿಲಿಗೆ ಬಂದ. ನನ್ನ ಕಾರು ಎದುರಿಗೆ ನಿಂತಿತ್ತು. ಬಾಗಿಲಿನ ಹಿಡಿಯಿಂದ ನೇರಳೆ ನೂಲು ಇಳಿಯುತ್ತಿತ್ತು. ಮದುಮಗ ಕಾರನ್ನು ನೋಡಿದ, ತನ್ನ ಪಂಚೆಯನ್ನು ನೋಡಿಕೊಂಡ, ಒಂದು ಹೆಜ್ಜೆ ಹಿಂದೆ ಇಟ್ಟ. ವಾಲಗದವರು ಊದುವುದನ್ನು ನಿಲ್ಲಿಸಿದರು.

ಹೊನ್ನಗಂಗಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಬೂದಿ ಬಣ್ಣ ಹೊಡ್ಸಿ ಅಂದೆ, ಕೇಳಿದ್ರಾ? ಬಾಯಿ ಮುಚ್ಕೊಂಡು ಕೂತ್ಕೊಳ್ಳಿ ಅಂದೆ, ಕೂತ್ರಾ? ಮದುವೆಯಾದ ದಿನದಿಂದ ನೋಡ್ತಿದೀನಿ, ಕಂಡೋರ ತಟ್ಟೇಲಿರೋದೇ ಇವರಿಗೆ ರುಚಿ. ನಾನು ಬಡಿಸಿದ್ದನ್ನ ಯಾವತ್ತಾದ್ರೂ ನೋಡ್ಕೊಂಡು ತಿಂದಿದಾರಾ ಕೇಳಿ. ಉಪ್ಪಿಲ್ಲದ ಸಾರು ಹಾಕಿದ್ರೂ ಗೊತ್ತಾಗಲ್ಲ, ಕಣ್ಣು ಪಕ್ಕದ ಎಲೆ ಮೇಲೆ." ಎರಡೂ ಕಡೆಯ ನೆಂಟರು ಬಾಯಿ ಬಿಟ್ಟುಕೊಂಡು ಕೇಳಿದರು. ಗಂಡಿನ ಸೋದರಮಾವ ಚೆನ್ನಾಗಿ ಕೇಳಲೆಂದು ಕುರ್ಚಿಯನ್ನೇ ಹತ್ತಿರ ಎಳೆದುಕೊಂಡರು. ಬೋರಲಿಂಗ ತಲೆ ತಗ್ಗಿಸಿ ನಿಂತಿದ್ದ. ಅವನ ಪಕ್ಕದಲ್ಲಿ ಇಂದ್ರಾಣಿ, ಎಂದಿನ ನಗು.

ಮುದ್ದಯ್ಯ ಮೆಲ್ಲಗೆ, "ಅಕ್ಕ, ಹೊತ್ತಾಗ್ತಿದೆ. ಹಸಿರು ಕಾರು ತರ್ಸೋಣ್ವಾ?" ಎಂದ.

ಹಾಗೇನಾದರೂ ಆಗಿದ್ದರೆ ನಾನು ಆ ಬಿಡದಿಯ ಬಾವಿಗೇ ಹಾರುತ್ತಿದ್ದೆ. ಆದರೆ ಹೊನ್ನಗಂಗಮ್ಮ ನನ್ನ ಮುಖವನ್ನು ಒಮ್ಮೆ ನೋಡಿದಳು. ಬೈಯುವುದನ್ನು ನಡುವೆಯೇ ನಿಲ್ಲಿಸಿ ಸ್ವಲ್ಪ ಯೋಚಿಸಿದಳು. ಆಮೇಲೆ ನನ್ನ ಅಂಗಿಯ ಕಿಸೆಗೆ ಕೈ ಹಾಕಿ ಕಾರಿನ ಬೀಗದಕೈ ತೆಗೆದು ಬೋರಲಿಂಗನ ಅಂಗೈಯಲ್ಲಿಟ್ಟಳು.

"ತಗೊಳ್ಳಿ ಬೋರಲಿಂಗಯ್ಯ. ಇವತ್ತಿಂದ ಈ ಕಾರು ನಿಮ್ದು. ಇಂದ್ರಾಣಿ, ಮುಂದೆ ಕೂತ್ಕೋ. ಇವರು ನೆಂಟರ ಮಿನಿ ಬಸ್ಸಲ್ಲಿ ಬರ್ತಾರೆ."

ಸುಳ್ಳು ಹೇಳುವುದು ನಮ್ಮ ಮನೆಯಲ್ಲಿ ನನ್ನ ಇಲಾಖೆ. ಅವಳ ಬಾಯಿಂದ ಬಂದ ಮಾತು ಈವರೆಗೆ ಒಂದೂ ಸುಳ್ಳಾಗಿರಲಿಲ್ಲ. ಹಾಗಾಗಿ ನಾನು ಪೂರ್ತಿ ನಂಬಿದೆ. ಬೋರಲಿಂಗ ಬೀಗದಕೈಯನ್ನು ನೋಡಿ ಕಣ್ಣು ಪಿಳಿಪಿಳಿ ಬಿಟ್ಟ. ಅವನ ಕೈಯಲ್ಲಿ ಅದು ಎಷ್ಟು ಚೆನ್ನಾಗಿ ಕಾಣುತ್ತಿತ್ತು. ಅವನು ಕಾರಿನ ಕಡೆ ತಿರುಗಿದ. ಆಗ ನಾನು ನನ್ನ ಕಾರನ್ನು ಮೊದಲ ಸಲ ಸರಿಯಾಗಿ ನೋಡಿದೆ. ಅಯ್ಯೋ, ಎಂಥ ಕಾರು ಅದು. ಆ ಬಾನೆಟ್ಟಿನ ಇಳಿಜಾರು, ಆ ನೇರಳೆ, ಸಂದಿಗೊಂದಿಗೂ ಬಿಡದ ಆ ಕೆಲಸ. ಬೋರಲಿಂಗನಿಗೆ ಇಂಥ ಕಾರು. ಮೊದಲೇ ಒಂದಿದೆ, ಈಗ ಇನ್ನೊಂದು.

ಒಗ್ಗರಣೆಗೆ ಸಾಸಿವೆ ಹಾಕಿದಾಗ ಬರುವ ಸದ್ದು ಬಂತು. ಬಾನೆಟ್ಟಿನಿಂದ ಶುರುವಾಗಿ ಡಿಕ್ಕಿಯ ತನಕ ಚಟಪಟ ಎಂದು ಹರಿಯಿತು. ಸುಕ್ಕೆಲ್ಲ ಬಿಚ್ಚಿಕೊಂಡು ಮಟ್ಟಸವಾಯಿತು. ನುಗ್ಗೆ ಹೂವು, ಪುಕ್ಕ, ಟಿಕೆಟ್ಟು, ಮೇಕೆಯ ಕೂದಲು ಎಲ್ಲ ಬೆಳ್ಳುಳ್ಳಿ ಸಿಪ್ಪೆಯಂತೆ ಉದುರಿ ಕಾಲ ಬುಡದಲ್ಲಿ ರಾಶಿಯಾದವು. ಪೇದೆಯ ಟೋಪಿ ಉರುಳಿಕೊಂಡು ಹೋಗಿ ಚರಂಡಿಗೆ ಬಿತ್ತು. ವಾಲಗದವರು ತಮಗೇ ತಿಳಿಯದೆ ಊದತೊಡಗಿದರು. ಮದುಮಗ ಬೆರಳ ತುದಿಯಿಂದ ಬಾಗಿಲು ಮುಟ್ಟಿ, ಬೆರಳನ್ನು ನೋಡಿಕೊಂಡು, ಒಳಗೆ ಹೋಗಿ ಕುಳಿತ. ಮಿನಿ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತು ನಾನು ಆ ಕಾರಿನ ಹಿಂದೆಯೇ ಹೋದೆ. ಒಂದೊಂದು ತಿರುವಿನಲ್ಲಿಯೂ ಅದು ಇನ್ನಷ್ಟು ಹೊಳೆಯಿತು. ಕಲ್ಯಾಣ ಮಂಟಪ ತಲಪುವ ಹೊತ್ತಿಗೆ ಎದುರು ಬಂದ ಸೂರ್ಯನೇ ಅದರಲ್ಲಿ ತನ್ನ ಮುಖ ನೋಡಿಕೊಂಡು ಮೋಡದ ಹಿಂದೆ ಸರಿದ. ಇಂಥ ಪೇಂಟು ಹಿಂದೆ ಆಗಿರಲಿಲ್ಲ, ಮುಂದೆ ಆಗುವುದಿಲ್ಲ ಎಂದು ಊರೆಲ್ಲ ಮಾತಾಡಿಕೊಂಡಿತು. ನನ್ನನ್ನೂ ಹೊಗಳಿದರು. ಅದನ್ನು ಬೇಕಾದರೆ ಇನ್ನೊಮ್ಮೆ ವಿಸ್ತಾರವಾಗಿ ಹೇಳುತ್ತೇನೆ.

ಊಟವಾದ ಮೇಲೆ ಕೈ ತೊಳೆಯುವ ಜಾಗದಲ್ಲಿ ಬೋರಲಿಂಗ ನನ್ನ ಹತ್ತಿರ ಬಂದು ಬೀಗದಕೈಯನ್ನು ನನ್ನ ಕಿಸೆಗೆ ಹಾಕಿದ.

"ಅಕ್ಕ ಮಾತಿಗೆ ಹೇಳಿದ್ರು ಅಂತ ನಾನು ಇಟ್ಕೊಂಡ್ಬಿಡ್ತೀನಾ? ನಿಮ್ಮ ಕಾರು ಅಣ್ಣ. ಒಣಗ್ತಲ್ಲ, ಅಷ್ಟು ಸಾಕು."

ನಾನು ಸೋತುಹೋಗಿದ್ದೆ. ಕಾರು ಕೈಗೆ ಬಂದರೂ ಬೇಕಾದ್ದು ಸಿಕ್ಕಿರಲಿಲ್ಲ. ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ. "ಬೋರಲಿಂಗ, ನಿಜ ಹೇಳು. ಇದು ನಂದಾಗಿರಬೇಕಿತ್ತು ಅಂತ ಒಂದೇ ಒಂದು ಸಲ, ಒಂದು ರವಷ್ಟಾದ್ರೂ, ನಿನಗೆ ಅನ್ನಿಸ್ಲಿಲ್ವಾ?"

ಬೋರಲಿಂಗ ನಲ್ಲಿ ನಿಲ್ಲಿಸಿದ. ಹೆಗಲ ಮೇಲಿನ ಟವೆಲ್ಲು ಎಳೆದುಕೊಂಡ.

"ಅನ್ನಿಸ್ತು ಅಣ್ಣ."

ನಾನು ಅವನ ಹತ್ತಿರಕ್ಕೆ ಸರಿದೆ. "ಯಾವಾಗ? ಬಿಡದಿ ಹತ್ರ? ಸ್ಟೇರಿಂಗ್ ಹಿಡಿದಾಗ?"

"ಕಾರು ನೋಡಿ ಅಲ್ಲ. ಅಕ್ಕ ನಿಮ್ಮನ್ನ ಅಷ್ಟು ಜನರ ಮುಂದೆ ಬೈತಿದ್ರಲ್ಲ, ಆಗ." ಅವನು ಟವೆಲ್ಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡ. "ಬಡಿಸಿದ್ದನ್ನ ನೋಡ್ಕೊಂಡು ತಿನ್ನಲ್ಲ ಅಂದ್ರಲ್ಲ. ಎಷ್ಟು ವರ್ಷದಿಂದ ನಿಮ್ಮನ್ನೇ ಗಮನಿಸ್ಕೊಂಡು ಬಂದಿದಾರೆ ಅಕ್ಕ. ನಮ್ಮನೇಲಿ ಇಂದ್ರಾಣಿ ಯಾವುದಕ್ಕೂ ಏನೂ ಅನ್ನಲ್ಲ ಅಣ್ಣ. ನಗ್ತಾಳೆ. ಕಾರು ತಗೊಳ್ಳೋಣ್ವಾ ಅಂದೆ, ಹೂಂ ಅಂದ್ಲು. ಬೇಡ್ವಾ ಅಂದೆ, ಅದಕ್ಕೂ ಹೂಂ ಅಂದ್ಲು. ನನ್ನ ಮೇಲೆ 'ಯಾಕ್ರೀ ಹಿಂಗೆ ಮಾಡಿದ್ರಿ' ಅಂತ ಒಂದು ದಿನಾನೂ ರೇಗಿದ್ದಿಲ್ಲ. ಒಂದ್ಸಲ ಬೇಕು ಅಂತಲೇ ಹಾಲು ಉಕ್ಕಿಸಿ ಒಲೆ ಎಲ್ಲ ಹಾಳು ಮಾಡಿ ನಿಂತ್ಕೊಂಡೆ. ಒರೆಸಿ, ನಕ್ಕು, ಹೋದ್ಲು. ನೀವು ಅಲ್ಲಿ ಬೈಸ್ಕೊಂಡು ನಿಂತಿದ್ದಾಗ, ಈ ಜಾಗದಲ್ಲಿ ನಾನಿರಬೇಕಿತ್ತು ಅನ್ನಿಸ್ಬಿಡ್ತು. ಹೊಟ್ಟೆ ಒಳಗೆ ಏನೋ ಸುಟ್ಟಂಗಾಯ್ತು. ಅದೇ ಇರ್ಬೇಕು ಅಲ್ವಾ ಅಣ್ಣ, ನೀವು ಯಾವಾಗ್ಲೂ ಹೇಳ್ತೀರಲ್ಲ, ಅದು?"

ಅದೇ. ಅವನ ಕಣ್ಣಿನಲ್ಲಿ ಅದು ಈಗಲೂ ಇತ್ತು. ಊರಿನ ಎಲ್ಲರ ಹೊಟ್ಟೆಕಿಚ್ಚನ್ನೂ ತೂಗಿ ಅಳೆದವನು ನಾನು, ಅಂಥ ಶುದ್ಧ ಸರಕನ್ನು ಹಿಂದೆಂದೂ ಕಂಡಿರಲಿಲ್ಲ. ಅದು ಬೆಳಿಗ್ಗೆ ಬಿಡದಿಯ ಮುಂದೆ ಹುಟ್ಟಿದಾಗ ಇವನು ತಲೆ ತಗ್ಗಿಸಿ ನೆಲ ನೋಡುತ್ತಿದ್ದ, ಕಾರಿನ ಕಡೆ ಕಣ್ಣೆತ್ತಿರಲಿಲ್ಲ. ಈಗ ಸುತ್ತಮುತ್ತ ಒಂದು ಹಸಿ ತಗಡಿನ ಚೂರೂ ಇಲ್ಲ. ಬೋರಲಿಂಗನ ಜೀವಮಾನದ ಒಂದೇ ಒಂದು ಹೊಟ್ಟೆಕಿಚ್ಚು, ಅದೂ ನನ್ನ ಮೇಲೆ. ಅವನ ಭುಜದ ಮೇಲೆ ಕೈ ಇಟ್ಟೆ.

ಅಷ್ಟರಲ್ಲಿ ಅಂಗಳದಿಂದ ಹೊನ್ನಗಂಗಮ್ಮನ ದನಿ ಮಂಟಪದ ತಗಡಿನ ಮಾಡನ್ನು ನಡುಗಿಸಿತು. "ಏನ್ರೀ, ಎಲ್ಲಿ ಹಾಳಾಗಿ ಹೋದ್ರಿ? ಕೈ ತೊಳಿಯೋಕ್ಕೆ ಇಷ್ಟೊತ್ತಾ? ಆ ಬೆಲ್ಟ್ ಬೇರೆ ಊಟದೆಲೆ ಹತ್ರಾನೇ ಬಿಚ್ಚಿಟ್ಟು ಬಂದಿದೀರಲ್ಲ, ಪಂಚೆ ಜಾರಿದ್ರೆ ಮಾನ ಯಾರದು? ಬಿಸಿಲಲ್ಲಿ ಎಷ್ಟೊತ್ತು ಕಾಯ್ಲಿ ನಾನು?"

ಬೋರಲಿಂಗ ಕಣ್ಣು ಮುಚ್ಚಿ ಕೇಳುತ್ತಿದ್ದ. ನಾನು "ಬಂದೆ ಕಣೆ" ಎಂದು ಕೂಗಿದೆ. ಆದರೆ ಹೆಜ್ಜೆಗಳನ್ನು ಬೇಕೆಂದೇ ಒಂದಕ್ಕೊಂದು ತಾಗಿಸಿಕೊಂಡು, ಎಷ್ಟು ನಿಧಾನವಾಗಿ ಸಾಧ್ಯವೋ ಅಷ್ಟು ನಿಧಾನವಾಗಿ ನಡೆದೆ. ಅವಳು ಇನ್ನಷ್ಟು ಬೈಯಲಿ, ಅವನು ಪೂರ್ತಿ ಕೇಳಿಸಿಕೊಳ್ಳಲಿ ಎಂದು.